ಮೂರು ತೂತಿನ ಚೆಂಡು

ನನ್ನ ಅಕ್ಕ ಎರಡು ಸಲ ರಾಜ್ಯದ ಬೌಲಿಂಗ್ ಚಾಂಪಿಯನ್ ಆಗಿದ್ದಳು ಎಂದರೆ ನಮ್ಮ ಕಡೆ ಎಲ್ಲರೂ ಕ್ರಿಕೆಟ್ ಎಂದೇ ತಿಳಿಯುತ್ತಾರೆ. ತಿದ್ದಿ ಹೇಳಿ ಹೇಳಿ ನನಗೆ ಸಾಕಾಗಿದೆ. ನುಣುಪಾದ ಮರದ ಹಲಗೆಗಳ ಉದ್ದನೆಯ ಹಾದಿ, ಅದಕ್ಕೆ ಲೇನ್ ಎನ್ನುತ್ತಾರೆ, ಅದರ ತುದಿಯಲ್ಲಿ ಮುಕ್ಕೋನವಾಗಿ ನಿಲ್ಲಿಸಿದ ಹತ್ತು ಪಿನ್ನು. ಈ ತುದಿಯಿಂದ ಆರು ಕಿಲೋ ಮೀರಿದ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಹೆಬ್ಬೆರಳಿಗೆ ಒಂದು, ನಡುವಿನ ಎರಡು ಬೆರಳಿಗೆ ಎರಡು, ಹೀಗೆ ಚೆಂಡಿಗೆ ಮೂರು ತೂತು. ಇಷ್ಟು ವಿವರಿಸಿದ ಮೇಲೂ ಕೆಲವರು, 'ಹಂಗಾರ ಸ್ಪಿನ್ನೋ ಫಾಸ್ಟೋ?' ಎಂದು ಕೇಳಿದ್ದುಂಟು.

ಅಕ್ಕ ಮದುವೆಯಾಗಿ ಬೆಂಗಳೂರಿಗೆ ಹೋದವಳು. ಭಾವ ಟ್ಯಾಕ್ಸಿ ಓಡಿಸುತ್ತಿದ್ದ. ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಸವಣೂರಿಗೆ ಬಾ ಎಂದು ಅವ್ವ ಎಷ್ಟು ಕರೆದರೂ ಬರದೆ, ಅಕ್ಕ ಒಂದು ಬೌಲಿಂಗ್ ಹಾಲ್‌ನಲ್ಲಿ ಕೆಲಸಕ್ಕೆ ಸೇರಿದಳು. ಆಡಲು ಬಂದವರು ತಮ್ಮ ಚಪ್ಪಲಿ ಬಿಟ್ಟು ಅಲ್ಲಿನ ಬೂಟು ಹಾಕಿಕೊಳ್ಳಬೇಕು. ಆ ಬೂಟು ಕೊಡುವುದು, ತಿರುಗಿ ಬಂದ ಮೇಲೆ ಔಷಧ ಹೊಡೆದು ಒರೆಸಿ ಇಡುವುದು, ಇದು ಅವಳ ಕೆಲಸ. ಬೆಳಿಗ್ಗೆ ಹಾಲ್ ತೆರೆಯುವ ಮುಂಚೆ ಅಲ್ಲಿನ ಮೆಕ್ಯಾನಿಕ್ಕು ಪಿನ್ನು ಎತ್ತುವ ಯಂತ್ರಗಳನ್ನು ಪರೀಕ್ಷೆ ಮಾಡುತ್ತಿದ್ದ. ಅದಕ್ಕೆ ಯಾರಾದರೂ ಈ ಕಡೆಯಿಂದ ಚೆಂಡು ಬಿಡಬೇಕಿತ್ತು. ಬೇಗ ಬರುತ್ತಿದ್ದವಳು ಅಕ್ಕ ಒಬ್ಬಳೇ. ಹಾಗೆ ಶುರುವಾಯಿತು.

ಮೆಕ್ಯಾನಿಕ್ಕು ಹಳೆಯ ಆಟಗಾರ, ಅವಳಿಗಿಂತ ಹತ್ತು ವರ್ಷ ದೊಡ್ಡವನು. ಅವಳ ಕೈ ನೋಡಿ ಕಲಿಸತೊಡಗಿದ. ಕೆಲವು ವರ್ಷಗಳಲ್ಲಿ ಅವಳು ರಾಜ್ಯದ ಪಂದ್ಯ ಗೆದ್ದಳು, ಮರುವರ್ಷ ಮತ್ತೆ ಗೆದ್ದಳು. ಗೆದ್ದ ಮೇಲೂ ಕೆಲಸ ಅದೇ. ಭಾನುವಾರ ಅವಳಿಗೆ ಸೋತ ಹೆಂಗಸರು ಬುಧವಾರ ಅಭ್ಯಾಸಕ್ಕೆ ಬಂದಾಗ ಅವಳ ಕೈಯಿಂದಲೇ ಬೂಟು ಇಸಿದುಕೊಳ್ಳುತ್ತಿದ್ದರು. ಬೇಸರ ಆಗುತ್ತಿರಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. 'ಅವರ ಕಾಲಿನ ಅಳತಿ ನನಗ ಬಾಯಿಪಾಠ ಆಗಿತ್ತು, ಕೇಳೋದ ಬೇಕಾಗಿರಲಿಲ್ಲ' ಎಂದಳು, ಅಷ್ಟೇ.

ಆ ಬೌಲಿಂಗ್ ಹಾಲ್ ಮುಚ್ಚಿದ ವರ್ಷ ಅವಳು ನಮ್ಮ ಮನೆಗೆ ಬಂದಳು. ಒಂದು ಟ್ರಂಕು, ಒಂದು ಚೆಂಡಿನ ಚೀಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವಳ ಬೆರಳುಗಳ ಸ್ಪರ್ಶವನ್ನು ತಿಂದುಹಾಕಿತ್ತು. ಚಹಾದ ಕಪ್ಪು ಕೈಯಲ್ಲಿ ಇದೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕು. ಈ ಆಟದಲ್ಲಿ ಚೆಂಡು ಬಿಡುವ ಗಳಿಗೆಯಲ್ಲಿ ಮೊದಲು ಹೆಬ್ಬೆರಳು ಹೊರಬರಬೇಕು, ಆಮೇಲೆ ಉಳಿದೆರಡು ಬೆರಳು ಚೆಂಡನ್ನು ತುಸು ಎತ್ತಿ ತಿರುಗಿಸಿ ಬಿಡಬೇಕು. ಆ ನಡುವಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು. ಅಕ್ಕನ ಬೆರಳಿಗೆ ಅದು ಗೊತ್ತಾಗುವುದು ನಿಂತುಹೋಗಿತ್ತು.

ನಾನು ಅಕ್ಕಿಆಲೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಸವಣೂರಿನಿಂದ ಶಿಗ್ಗಾಂವಿ, ಅಲ್ಲಿಂದ ಹಾನಗಲ್ಲು, ಅಲ್ಲಿಂದ ಅಕ್ಕಿಆಲೂರು, ದಿನಾ ಹೋಗಿ ಬರುವುದಕ್ಕೆ ಆರು ಬಸ್ಸು. ಬಲಗಾಲಿನ ಮಂಡಿ ಸವೆದಿದೆ. ಸಾಲಾಗಿ ನಿಲ್ಲಿ ಎಂದು ಕೂಗಿ ಕೂಗಿ ಗಂಟಲೂ ಸವೆದಿದೆ. ನಿವೃತ್ತಿಗೆ ಉಳಿದ ದಿನಗಳನ್ನು ಎಣಿಸುತ್ತ ಕೂತವನಿಗೆ ಒಂದು ಬೆಳಿಗ್ಗೆ ಅಕ್ಕ ಹೇಳಿದಳು:

'ತಮ್ಮಾ, ಈ ಆಟ ಯಾರಿಗರ ಕಲಿಸಬೇಕು ನಾನು.'

'ಇಲ್ಲಿ ಯಾರ ಕಲೀತಾರ? ಆಡಾಕ ಜಾಗಾನ ಇಲ್ಲ.'

'ಆಡೋದು ಆಮ್ಯಾಲೆ. ಮೊದಲ ನಡ್ಯೋದು ಕಲಿಸ್ತೇನಿ. ನನ್ನ ತಲ್ಯಾಗ ಇರೋದು ನನ್ನ ಜೋಡಿನ ಹೋಗಬಾರದಲ್ಲ.'

ಬೇಡ ಎನ್ನುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಒಂದು ವರ್ಷ ಶನಿವಾರಗಳಂದು ಮಧ್ಯಾಹ್ನ ನಾವಿಬ್ಬರೂ ತಿರುಗಿದೆವು. ಚೀಲ ಹೊರುವವನು ನಾನು. ಸವಣೂರಿನ ಎರಡು ಶಾಲೆ, ದುಂಡಸಿ, ಶಿಗ್ಗಾಂವಿ. ಶಾಲೆ ಬಿಟ್ಟ ಮೇಲೂ ಉಳಿದ ಹುಡುಗಿಯರನ್ನು ಸಾಲಾಗಿ ಕೂರಿಸಿ ಅಕ್ಕ ಮಾತಾಡುತ್ತಿದ್ದಳು, ನಾನು ನೀರಿನ ಬಾಟಲಿ ನಿಲ್ಲಿಸಿ ಚೆಂಡು ಉರುಳಿಸಿ ತೋರಿಸುತ್ತಿದ್ದೆ, ಕೆಟ್ಟದಾಗಿ. ಅವರು ನಗುತ್ತಿದ್ದರು, ಚೆಂಡು ಎತ್ತಿ ನೋಡುತ್ತಿದ್ದರು, ಮಾತು ಮುಗಿದ ಕೂಡಲೇ ಹೋಗುತ್ತಿದ್ದರು.

ಹಿರೇಕೆರೂರಿನಲ್ಲಿ ತಾಲೂಕು ಕ್ರೀಡಾಕೂಟಕ್ಕೆ ಸನ್ಮಾನಕ್ಕೆಂದು ಕರೆದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅಕ್ಕನ ಫೋಟೋದ ಪಕ್ಕ ಮೂರು ಸ್ಟಂಪು, ಒಂದು ಕೆಂಪು ಚೆಂಡಿನ ಚಿತ್ರ ಹಾಕಿದ್ದರು. ಮುಖ್ಯ ಅತಿಥಿಗಳು ಶಾಲು ಹೊದಿಸುತ್ತ, 'ಒಟ್ಟ ಎಷ್ಟ ವಿಕೆಟ್ ತಗದೀರಿ ಅಕ್ಕಾರ?' ಎಂದು ಕೇಳಿದರು. ಅಕ್ಕ ಕೈ ಮುಗಿದಳು. ತಿರುಗಿ ಬರುವ ಬಸ್ಸಿನಲ್ಲಿ ಶಾಲು ಮಡಚಿ ಚೆಂಡಿನ ಚೀಲಕ್ಕೆ ತುಂಬಿ, 'ಚೆಂಡ ಅಲಗಾಡೂದಿಲ್ಲ ಇನ್ನ, ಚಲೋ ಆತು' ಎಂದಳು. ಅವತ್ತು ನನಗೆ ಸಿಟ್ಟೂ ಬರಲಿಲ್ಲ. ಯಾವಾಗ ಮನೆ ಮುಟ್ಟಿ ಕಾಲು ಚಾಚೇನು ಎನ್ನಿಸಿತ್ತು.

ಅಕ್ಕಿಆಲೂರಿನಲ್ಲಿ ನಿಂತುಹೋಗಿದ್ದ ಒಂದು ಅಕ್ಕಿ ಮಿಲ್ಲಿತ್ತು. ಅದರ ಮಾಲೀಕರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಅಕ್ಕನಿಗೊಂದು ಉದ್ದನೆಯ ನೆಲ ಬೇಕೆಂದು ಕೇಳಿದಾಗ ಗೋದಾಮಿನ ಕೀಲಿ ಕೊಟ್ಟುಬಿಟ್ಟರು. ಅಕ್ಕ ಒಳಗೆ ಬಂದವಳೇ ಚಪ್ಪಲಿ ಬಿಟ್ಟು ನೆಲದ ಮೇಲೆ ನಡೆದಳು. ಪಾದದಲ್ಲಿಯೂ ಸ್ಪರ್ಶ ಕಡಿಮೆ, ಆದ್ದರಿಂದ ಕೂತು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಬೆಳಕಿನಲ್ಲಿ ನೋಡಿದಳು. ಬಾಗಿಲಿನ ಕಡೆಯ ಅರ್ಧದಲ್ಲಿ ವರ್ಷಗಟ್ಟಲೆ ತೌಡಿನ ಚೀಲ ಒಟ್ಟಿದ್ದರಂತೆ. ತೌಡಿನ ಎಣ್ಣೆ ಇಳಿದು ಸಿಮೆಂಟು ಕರಿಯ ಕನ್ನಡಿಯಂತಾಗಿತ್ತು. ಆಚೆಯ ಅರ್ಧ ಒಣಗಿ ಬೆಳ್ಳಗಿತ್ತು.

'ಖರೇ ಲೇನ್ ಹಿಂಗ ಇರ್ತೈತಿ ತಮ್ಮಾ' ಎಂದಳು. 'ಮೊದಲಿನ ಅರ್ಧಕ್ಕ ಎಣ್ಣಿ ಸವರಿರ್ತಾರ. ಅಲ್ಲಿ ಚೆಂಡ ಜಾರತೈತಿ. ಒಣಾ ಜಾಗಾ ಬಂದಕೂಡ್ಲೆ ನೆಲ ಹಿಡದು ಹೊರಳತೈತಿ. ಆ ಹೊರಳಿನಾಗ ಆಟ ಐತಿ.'

ಹಾನಗಲ್ಲಿನಲ್ಲಿ ತೊಟ್ಟಿಲ ಕಾಲು ಕಡೆದುಕೊಡುವ ಬಡಿಗೇರರೊಬ್ಬರು ಸಾಗವಾನಿ ತುಂಡುಗಳಲ್ಲಿ ಹತ್ತು ಪಿನ್ನು ಕಡೆದುಕೊಟ್ಟರು. ಎಂಟು ಹುಡುಗಿಯರು ಬಂದರು. ಪರೀಕ್ಷೆ ಹತ್ತಿರ ಬಂದಂತೆ ನಾಲ್ವರಾದರು, ಆಮೇಲೆ ಇಬ್ಬರು. ಕೊನೆಗೆ ಒಬ್ಬಳೇ ಉಳಿದಳು, ನಮ್ಮ ಶಾಲೆಯ ಬಿಸಿಯೂಟ ಮಾಡುವ ಅಡಿಗೆಯಾಕೆಯ ಮಗಳು. ಅವಳಿಗೂ ಮನಸ್ಸಿರಲಿಲ್ಲ. ನನ್ನ ಮುಖ ನೋಡಿ ಬರುತ್ತಿದ್ದಳು.

ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಅಡಿಗೆಯಾಕೆ ಮಿಲ್ಲಿಗೆ ಬಂದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, 'ಸರ್ರ, ನಾ ಒಂದ ಸಲ ಬಿಡ್ಲೇನ್ರಿ?' ಎಂದಳು.

ಅಕ್ಕನ ಅಳತೆಗೆ ಕೊರೆದ ತೂತುಗಳಲ್ಲಿ ಅವಳ ಬೆರಳು ಹಿಡಿಸಲಿಲ್ಲ. ಅವಳು ತಲೆ ಕೆಡಿಸಿಕೊಳ್ಳದೆ ಅಂಗೈಯನ್ನು ಚೆಂಡಿನ ಕೆಳಗೆ ಕೊಟ್ಟು, ಇನ್ನೊಂದು ಕೈ ಆನಿಸಿ, ನಾಲ್ಕು ಹೆಜ್ಜೆ ನಡೆದು ಬಗ್ಗಿ ಬಿಟ್ಟಳು. ಚೆಂಡು ಸದ್ದಿಲ್ಲದೆ ನೆಲಕ್ಕಿಳಿಯಿತು. ಪಿನ್ನು ಬಿದ್ದದ್ದು ಮೂರೋ ನಾಲ್ಕೋ. ಆದರೆ ಅಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು.

'ಇನ್ನೊಮ್ಮೆ ಬಿಡ ತಂಗಿ.'

ಮತ್ತೆ ಅದೇ ರೀತಿ. ಅಕ್ಕ ನನ್ನ ತೋಳು ಹಿಡಿದಳು. 'ನೋಡಿದಿ? ಸದ್ದ ಆಗಲಿಲ್ಲ. ಎಲ್ಲಾರೂ ಚೆಂಡ ಒಗೀತಾರ. ಈಕಿ ಇಳಸ್ತಾಳ. ಭಾರದ ಜೋಡಿ ಜಗಳಾ ಮಾಡೂದಿಲ್ಲ.'

ಹದಿನೈದು ವರ್ಷದಿಂದ ಅವಳು ದಿನಾ ಕುದಿಯುವ ಅನ್ನದ ದೊಡ್ಡ ಪಾತ್ರೆಗಳನ್ನು ಒಲೆಯಿಂದ ಇಳಿಸಿ, ವಾಲಿಸಿ ಗಂಜಿ ಬಸಿದವಳು. ಭಾರ ಎತ್ತ ಹೋಗುತ್ತದೋ ಅತ್ತ ಮೈ ಬಿಡುವುದು, ಸರಿಯಾದ ಗಳಿಗೆಯಲ್ಲಿ ಕೈ ಸಡಿಲಿಸುವುದು ಅವಳ ಮೈಯಲ್ಲೇ ಇತ್ತು. ಮುಂದಿನ ವಾರ ಮಗಳು ಬರಲಿಲ್ಲ, ತಾಯಿ ಬಂದಳು.

ಕಲಿಸುವಾಗ ಅಕ್ಕ ಬೇರೆ ಮನುಷ್ಯಳಾಗುತ್ತಿದ್ದಳು. ಮೊದಲ ತಿಂಗಳು ಚೆಂಡನ್ನೇ ಮುಟ್ಟಿಸಲಿಲ್ಲ. ಅರ್ಧ ನೀರು ತುಂಬಿದ ಸಣ್ಣ ಕೊಡವನ್ನು ಬಲಗೈಯಲ್ಲಿ ಇಳಿಬಿಟ್ಟು ಐದು ಹೆಜ್ಜೆ ನಡೆಯಬೇಕು. ಕೊಡ ತಾನಾಗಿ ಹಿಂದೆ ಹೋಗಿ ತಾನಾಗಿ ಮುಂದೆ ಬರಬೇಕು, ನೀರು ತುಳುಕಬಾರದು. ಕೊನೆಯ ಹೆಜ್ಜೆ ಹೆಜ್ಜೆಯಲ್ಲ, ಎಡಗಾಲು ಜಾರಿ ನಿಲ್ಲಬೇಕು. 'ತೋಳಿನ ಜೋರ ಬ್ಯಾಡ. ತೋಳ ಅಂದ್ರ ಹಗ್ಗ, ಅಷ್ಟ. ಹಗ್ಗಕ್ಕ ಜೋರ ಇರ್ತೈತೇನು?' ಪಿನ್ನು ನೋಡಲು ಬಿಡುತ್ತಿರಲಿಲ್ಲ. ಹತ್ತು ಮಾರಿನ ಆಚೆಗಿದ್ದದ್ದನ್ನು ನೋಡಿ ಗುರಿ ಇಟ್ಟರೆ ತಪ್ಪುತ್ತದೆ. ಎರಡು ಮಾರು ದೂರದಲ್ಲಿ ಸುಣ್ಣದ ಗುರುತು ಹಾಕಿಸಿ, ಚೆಂಡು ಅದರ ಮೇಲೆ ಹಾಯಲಿ, ಉಳಿದದ್ದು ಚೆಂಡು ನೋಡಿಕೊಳ್ಳುತ್ತದೆ ಎನ್ನುತ್ತಿದ್ದಳು. ಹತ್ತೂ ಪಿನ್ನು ಒಮ್ಮೆಗೇ ಬಿದ್ದರೆ ಅವಳು ಹೊಗಳುತ್ತಿರಲಿಲ್ಲ. ಮೂಲೆಯಲ್ಲಿ ಒಂಟಿಯಾಗಿ ಉಳಿದ ಪಿನ್ನನ್ನು ಎರಡನೇ ಚೆಂಡಿನಲ್ಲಿ ಕೆಡವಿದರೆ ಮಾತ್ರ ತಲೆ ಆಡಿಸುತ್ತಿದ್ದಳು. 'ಎಲ್ಲಾ ಬೀಳಸೋದು ಕಿವಿಗೆ ಚಂದ. ಉಳದದ್ದನ್ನ ತೆಗಿಯಾಕಿ ಗೆಲ್ತಾಳ.'

ಅಕ್ಕನ ಕೈ ತೋರಿಸಲಾರದು. ಎಲ್ಲವೂ ಬಾಯಿಂದಲೇ. ಎರಡು ತಾಸು ಮಾತಾಡಿ ಮಾತಾಡಿ, ವಾಪಸು ಬರುವ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು ಬಿಡುತ್ತಿದ್ದಳು. ಅವಳ ತಲೆ, ನನ್ನ ತೊಡೆಯ ಮೇಲೆ ಚೆಂಡು. ಹಾನಗಲ್ಲಿನಿಂದ ಶಿಗ್ಗಾಂವಿಯವರೆಗೆ ನಾನು ಅಲುಗಾಡದೆ ಕೂರುತ್ತಿದ್ದೆ.

ಆರು ತಿಂಗಳಾದ ಮೇಲೆ ಮೂವರೂ ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಒಂದು ಮಾಲಿನ ಮೇಲಿನ ಮಹಡಿಯಲ್ಲಿ ನಾಲ್ಕು ಲೇನಿತ್ತು. ಅಡಿಗೆಯಾಕೆ ತನ್ನ ಬೆರಳಿಗೆ ಹಿಡಿಸುವ ಚೆಂಡೊಂದನ್ನು ಅಲ್ಲಿಯೇ ಆರಿಸಿಕೊಂಡಳು. ಅವಳ ಮೊದಲ ನಾಲ್ಕು ಚೆಂಡು ಎಡಕ್ಕೆ ಹೊರಳಿ ಪಕ್ಕದ ಗಟಾರಕ್ಕೆ ಬಿದ್ದವು. ಅವಳ ಮುಖ ಸಣ್ಣದಾಯಿತು.

'ಅಕ್ಕಾರ, ನನ್ನಿಂದ ಆಗೂದಲ್ರಿ ಇದು. ಮಿಲ್ಲಿನ ನೆಲಾನ ಬ್ಯಾರೆ.'

'ನಿನ್ನ ಕೈ ತಪ್ಪಿಲ್ಲ' ಎಂದಳು ಅಕ್ಕ. 'ಇವರು ಎಣ್ಣಿ ಹಾಕಿಲ್ಲ. ಲೇನ್ ಒಣಗೇತಿ, ಚೆಂಡ ಜಲ್ದಿ ಹೊರಳಾಕತ್ತೈತಿ. ನಿಂತ ಜಾಗಾದಿಂದ ನಾಕ ಹಲಗಿ ಎಡಕ್ಕ ಸರಿ. ಕಣ್ಣ ಅದ ಗುರ್ತಿನ ಮ್ಯಾಲೆ ಇರ್ಲಿ, ಚೆಂಡ ಬಲಕ್ಕ ಹೋಗಿ ಆಮ್ಯಾಲೆ ತಿರುಗತೈತಿ. ಬ್ಯಾರೇ ಏನೂ ಮಾಡಬ್ಯಾಡ.'

ಅವಳು ಸರಿದಳು. ಚೆಂಡು ಬಲಕ್ಕೆ ಹೋಗುತ್ತ ಹೋಗುತ್ತ, ಪಿನ್ನುಗಳ ಹತ್ತಿರ ಯಾರೋ ಕರೆದಂತೆ ಒಳಗೆ ತಿರುಗಿ, ಮುಂದಿನ ಪಿನ್ನಿಗೂ ಅದರ ಬಲಗಡೆಯ ಪಿನ್ನಿಗೂ ನಡುವಿನ ಸಂದಿಯಲ್ಲಿ ಹೊಕ್ಕಿತು. ಹತ್ತೂ ಬಿದ್ದವು. ಪಕ್ಕದ ಲೇನಿನ ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು. ಅಡಿಗೆಯಾಕೆ ತಿರುಗಿ ಅಕ್ಕನನ್ನು ನೋಡಿದಳು. ಅಕ್ಕ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಬೆಂಗಳೂರಿನಲ್ಲಿ ಹೆಂಗಸರ ಪಂದ್ಯ ಒಂದಿತ್ತು. ಹೆಸರು ಕೊಟ್ಟೆವು. ಆದರೆ ಅಂಥ ಪಂದ್ಯಕ್ಕೆ ಸ್ವಂತ ಚೆಂಡು ಬೇಕು, ತೂತು ತನ್ನ ಕೈಗೆ ಸರಿಯಾಗಿರಬೇಕು. ಊಟಕ್ಕೆ ಕೂತಾಗ ಅಕ್ಕ, ತನ್ನ ಚೆಂಡಿನ ತೂತು ಮುಚ್ಚಿಸಿ ಅಡಿಗೆಯಾಕೆಯ ಕೈಗೆ ಹೊಸದಾಗಿ ಕೊರೆಸುತ್ತೇನೆ ಎಂದಳು. ಸವಣೂರಿನಲ್ಲಿ ಅವಳು ಓದಿದ ಶಾಲೆಯವರು ಚೆಂಡನ್ನು ಕೇಳಿದ್ದರು, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಕೆಳಗೆ ನಿಮ್ಮ ಹೆಸರು ಬರೆಸುತ್ತೇವೆ ಎಂದಿದ್ದರು.

'ಅದರಿಂದನ ನೀ ಎರಡ ಸಲ ಗೆದ್ದೀದಿ, ಅಕ್ಕ' ಎಂದೆ.

'ಗಾಜಿನ ಪೆಟ್ಟಿಗ್ಯಾಗ ಇಟ್ಟರ ಜನ ಮತ್ತ ಕ್ರಿಕೆಟ್ ಚೆಂಡ ಎಷ್ಟ ದೊಡ್ಡದೈತಿ ಅಂತಾರ' ಎಂದಳು. ನನ್ನ ಹೆಂಡತಿ ನಕ್ಕಳು. ಅಕ್ಕ ನಗಲಿಲ್ಲ. 'ಉರುಳಾಕ ಮಾಡಿದ್ದು ಅದು. ಉರುಳಲಿ.'

ಆ ಹಳೆಯ ಮೆಕ್ಯಾನಿಕ್ಕು ಈಗ ಬೆಂಗಳೂರಿನಲ್ಲಿ ಚೆಂಡು ಕೊರೆಯುವ ಸಣ್ಣ ಅಂಗಡಿ ಇಟ್ಟಿದ್ದ. ಪಂದ್ಯಕ್ಕೆ ಮೂರು ದಿನ ಮುಂಚೆ ಅಲ್ಲಿಗೆ ಹೋದೆವು. ತೂತು ತುಂಬಲು ಅವನು ಅಂಟಿನಂಥ ದ್ರವ ಕಲಸುತ್ತಿದ್ದಾಗ ಅಕ್ಕ, 'ಒಂದ ನಿಮಿಷ ತಡೀರಿ' ಎಂದು ಚೆಂಡಿನ ಹತ್ತಿರ ಹೋದಳು. ಹೆಬ್ಬೆರಳು, ನಡುಬೆರಳು, ಉಂಗುರದ ಬೆರಳು, ಒಂದೊಂದಾಗಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

'ಪೂರಾ ಹೊಕ್ಕಾವೇನ ನೋಡ ತಮ್ಮಾ. ನನಗ ತಿಳಿವಲ್ದು.'

'ಹೊಕ್ಕಾವ' ಎಂದೆ. ಮೆಕ್ಯಾನಿಕ್ಕು ಕಲಸುವುದನ್ನು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಏನನ್ನೋ ಹುಡುಕುವವನಂತೆ ನಿಂತ. ಅಡಿಗೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಬೆರಳು ಹೊರಗೆ ತೆಗೆದು, 'ಹಾಕ್ರಿ' ಎಂದಳು.

ತುಂಬಿದ್ದು ಗಟ್ಟಿಯಾಗಲು ಒಂದು ದಿನ. ಮರುದಿನ ಅವನು ಅಡಿಗೆಯಾಕೆಯ ಕೈ ಅಳೆದ. ಉಂಗುರದ ಬೆರಳಿನ ಗಿಣ್ಣಿನಲ್ಲಿ ಹಳೆಯ ಸುಟ್ಟ ಗಾಯವಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅದಕ್ಕೆ ಆ ತೂತನ್ನು ತುಸು ವಾಲಿಸಿ ಕೊರೆದ. ನೀಲಿ ಚೆಂಡಿನ ಮೇಲೆ ಹಳೆಯ ಮೂರು ತೂತು ಮಬ್ಬು ಬಿಳಿಯ ಕಲೆಗಳಾಗಿ ಉಳಿದವು. ಹೊಸವು ಪಕ್ಕದಲ್ಲಿ.

ಪಂದ್ಯದಲ್ಲಿ ಒಂದೇ ದಿನ ಆರು ಆಟ. ಸಲ್ವಾರ್ ಹಾಕಿಕೊಳ್ಳಲು ಮಗಳು ಒಪ್ಪಿಸಿದ್ದಳು. ಅಡಿಗೆಯಾಕೆಗೆ ಅದರಲ್ಲಿ ನಡೆಯಲು ಸಂಕೋಚ, ಮೊದಲ ಎರಡು ಆಟ ಹಾಗೆಯೇ ಹೋದವು. ಮೂರನೆಯದರಲ್ಲಿ ಮೈ ಬಿಟ್ಟಳು. ನಾಲ್ಕನೆಯದರಲ್ಲಿ ಮುನ್ನೂರು ಅಂಕಕ್ಕೆ ಇನ್ನೂರರ ಹತ್ತಿರ ಹೋದಳು. ಆ ಆಟದಲ್ಲಿ ಒಮ್ಮೆ ಮೂಲೆಯ ಪಿನ್ನು ಒಂದೇ ಉಳಿಯಿತು. ಅವಳು ಚೆಂಡು ಒರೆಸಿ, ಉಸಿರು ಬಿಟ್ಟು, ಅವಸರವಿಲ್ಲದೆ ನಡೆದು ಅದನ್ನು ಕೆಡವಿ ಬಂದಳು. ಹಿಂದಿನ ಸಾಲಿನಲ್ಲಿ ಅಕ್ಕನ ಕಾಲದ ಆಟಗಾರ್ತಿಯೊಬ್ಬರು ಕೂತಿದ್ದರು. ಅವರು ಬಗ್ಗಿ, 'ಆ ಬಿಡೋ ಕೈ ನಿಮ್ಮದೇ' ಎಂದರು. 'ನಂದಲ್ಲ, ಆಕೀದು' ಎಂದಳು ಅಕ್ಕ. ಆದರೆ ಸ್ವಲ್ಪ ಹೊತ್ತು ಅವಳ ಮುಖದಲ್ಲಿ ನಾನು ಚಿಕ್ಕಂದಿನಲ್ಲಿ ಕಂಡಿದ್ದ ಹುಡುಗಿ ಇದ್ದಳು.

ಆರನೇ ಆಟಕ್ಕೆ ಅಡಿಗೆಯಾಕೆಯ ತೊಡೆಗಳು ಹಿಡಿದುಕೊಂಡವು. ಎಡಗಾಲು ಜಾರುವುದು ನಿಂತು ಕುಕ್ಕುತ್ತಿತ್ತು. ಪಟ್ಟಿ ಹಾಕಿದಾಗ ಫೈನಲ್ಲಿಗೆ ಹೋದವರಲ್ಲಿ ಅವಳಿರಲಿಲ್ಲ. ಐದು ಸ್ಥಾನ ಹಿಂದೆ ಉಳಿದಿದ್ದಳು. 'ನಿಮ್ಮ ಚೆಂಡಿನ ಮರ್ಯಾದಿ ಉಳಸಲಿಲ್ರಿ ಅಕ್ಕಾರ ನಾ' ಎಂದಳು. ಅಕ್ಕ ಅವಳ ಬೂಟಿನ ಲೇಸು ಬಿಚ್ಚಲು ಬಗ್ಗಿದಳು. ಅವಳು ಬೇಡ ಬೇಡ ಎಂದು ಕಾಲೆಳೆದುಕೊಂಡಳು. 'ಸುಮ್ಮನಿರ' ಎಂದಳು ಅಕ್ಕ. ಬೆರಳಿಗೆ ಲೇಸು ಸಿಗದೆ ಬಹಳ ಹೊತ್ತು ಒದ್ದಾಡಿದಳು. ಕೊನೆಗೆ ನಾನು ಬಿಚ್ಚಿದೆ.

ಹಾವೇರಿಯವರೆಗೆ ರೈಲು, ಅಲ್ಲಿಂದ ಬಸ್ಸು. ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಅವಳು ಆಗಲೇ ಬೇಳೆ ಬೇಯಲು ಇಟ್ಟಿದ್ದಳು. ನಡೆಯುವಾಗ ತುಸು ಕುಂಟುತ್ತಿದ್ದಳು, ನನ್ನ ಹಾಗೆಯೇ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಅಡಿಗೆಯಾಕೆ ಮತ್ತೆರಡು ಪಂದ್ಯಕ್ಕೆ ಹೋಗಿ ಬಂದಳು. ಒಂದರಲ್ಲಿ ಫೈನಲ್ಲಿಗೂ ಹೋಗಿ ನಾಲ್ಕನೆಯವಳಾದಳು. ಮಿಲ್ಲಿನ ಗೋದಾಮಿಗೆ ಈಗ ಬೇರೆ ಎರಡು ಶಾಲೆಯ ಅಡಿಗೆಯವರೂ ಬರುತ್ತಾರೆ. ಕಲಿಸುವವಳು ಅವಳು. ಕೊಡ ಹಿಡಿದು ನಡೆಸುತ್ತಾಳೆ, ಸುಣ್ಣದ ಗುರುತು ಹಾಕುತ್ತಾಳೆ. ಆದರೆ ಅಕ್ಕ ಹೇಳದೇ ಇದ್ದ ಒಂದು ಮಾತನ್ನೂ ಸೇರಿಸಿದ್ದಾಳೆ: 'ಗಂಜಿ ಬಸ್ಯಾಕತ್ತೀದಿ ಅಂತ ತಿಳಿ.' ಅದು ಅವರಿಗೆಲ್ಲ ಕೂಡಲೇ ಅರ್ಥವಾಗುತ್ತದೆ.

ಅಕ್ಕ ಬರುವುದನ್ನು ಬಿಟ್ಟಿದ್ದಾಳೆ. ಕಾಲಿನ ಎರಡು ಬೆರಳು ತೆಗೆಸಿದ ಮೇಲೆ ಮೂರು ಬಸ್ಸು ಹತ್ತಿ ಇಳಿಯುವುದು ಅವಳಿಂದಾಗದು. ವರ್ಷಗಟ್ಟಲೆ ನನ್ನನ್ನು ಎಳೆದಾಡಿದವಳು ಮನೆಯಲ್ಲೇ ಕೂತಾಗ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಶನಿವಾರ ನಾನು ಒಬ್ಬನೇ ಮಿಲ್ಲಿಗೆ ಹೋಗಿ ಕೀಲಿ ತೆರೆದು ಕೂರುತ್ತೇನೆ.

ಹೋದ ಶನಿವಾರ ಅಡಿಗೆಯಾಕೆಯ ಚೆಂಡು ಯಾಕೋ ಸರಿ ಹೋಗುತ್ತಿರಲಿಲ್ಲ. ಅಕ್ಕನಿಗೆ ಫೋನು ಹಚ್ಚಿ, ಹೇಳಲು ಬಾರದೆ, ಫೋನನ್ನೇ ಪಿನ್ನುಗಳ ಪಕ್ಕ ನೆಲದ ಮೇಲೆ ಇಟ್ಟೆ. ಚೆಂಡು ಬಂದು ಬಡಿಯಿತು. ಎತ್ತಿ ಕಿವಿಗಿಟ್ಟುಕೊಂಡೆ.

'ತೆಳ್ಳಗ ಬಡೀತು, ಮುಂದಿನ ಪಿನ್ನಿಗೆ ಬರೇ ಸವರೇತಿ. ಬಲಗಡೆ ಪಿನ್ನು ಮೊದಲ ಬಿತ್ತು. ಇನ್ನೊಮ್ಮೆ ಕೇಳಸು' ಎಂದಳು.

ಮತ್ತೆ ಇಟ್ಟೆ. ಮತ್ತೆ ಚೆಂಡು ಬಂತು, ಪಿನ್ನು ಬಿದ್ದವು. ಫೋನು ಎತ್ತಿಕೊಂಡು ಕಾದೆ. ನಿಧಾನವಾದ ಉಸಿರು ಮಾತ್ರ ಕೇಳುತ್ತಿತ್ತು. ಮಧ್ಯಾಹ್ನದ ಗುಳಿಗೆ ನುಂಗಿದ ಮೇಲೆ ಅವಳಿಗೆ ಹೀಗೇ ನಿದ್ದೆ ಹತ್ತುತ್ತದೆ.

'ಏನಂತಾರ್ರಿ ಅಕ್ಕಾರು?' ಎಂದು ಅಡಿಗೆಯಾಕೆ ಆ ತುದಿಯಿಂದ ಕೇಳಿದಳು.

'ಮಲಗ್ಯಾಳ.'

'ಮಲಗ್ಲಿ ಬಿಡ್ರಿ' ಎಂದು ಅವಳು ಚೆಂಡಿಗಾಗಿ ಈ ಕಡೆ ನಡೆದು ಬಂದಳು. ನಾನು ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸತೊಡಗಿದೆ.